ಗಾಂಧಿ ಬಜಾರಿನ ಕನ್ನಡಿ

ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಲಗ್ನದ ದಿನಗಳು ಬಂದವೆಂದರೆ ಜವಳಿ ಅಂಗಡಿಗಳ ಮೆಟ್ಟಿಲ ಮೇಲೆ ಚಪ್ಪಲಿಗಳಿಗೆ ಜಾಗ ಸಾಲದು. ಗಾಂಧಿ ಬಜಾರ್ ಎಂದೊಡನೆ ಬೆಂಗಳೂರಿನ ಬಸವನಗುಡಿಯನ್ನು ನೆನೆಯುವವರು ಕ್ಷಮಿಸಬೇಕು. ಮಲೆನಾಡಿನ ಹೆಬ್ಬಾಗಿಲಿನಲ್ಲಿಯೂ ಅದೇ ಹೆಸರಿನ ಬೀದಿಯೊಂದುಂಟು, ಅದಕ್ಕೂ ತನ್ನದೇ ಆದ ಗತ್ತು ಉಂಟು. ತೀರ್ಥಹಳ್ಳಿಯಿಂದ, ಶಿಕಾರಿಪುರದಿಂದ, ಭದ್ರಾವತಿಯಿಂದ ಬಂದಿಳಿದ ಕುಟುಂಬಗಳು ಮೂರು ತಲೆಮಾರುಗಳ ಸಮೇತ ಕುಳಿತು ಸೀರೆ ಬಿಡಿಸಿ ನೋಡುವ ದೃಶ್ಯ ಅಲ್ಲಿ ದಿನನಿತ್ಯದ್ದು. ಅಜ್ಜಿ, ಅಜ್ಜಿಯ ಸೊಸೆ, ಮದುವಣಗಿತ್ತಿಯಾದ ಮೊಮ್ಮಗಳು. ಅಂಗಡಿಯ ಹುಡುಗ ಸೀರೆಯೊಂದನ್ನು ಹೆಗಲ ಮೇಲೆ ಹರಡಿ ಹುಡುಗಿಯನ್ನು ನಿಲುವುಗನ್ನಡಿಯ ಮುಂದೆ ನಿಲ್ಲಿಸಿದೊಡನೆ ಮೂವರ ಬಾಯಿಂದಲೂ ಮಾತು ಹೊರಡುತ್ತದೆ.

"ಏನೇ ಪುಟ್ಟಿ, ಹೀಗೆ ಸೊರಗಿ ಕಡ್ಡಿಯಾಗಿದ್ದೀಯ! ಉಟ್ಟ ಸೀರೆ ಸೊಂಟದ ಮೇಲೆ ನಿಲ್ಲುವುದಾದರೂ ಹೇಗೆ?"

"ಸುಮ್ಮನಿರಜ್ಜಿ. ಮುಹೂರ್ತದ ಹೊತ್ತಿಗೆ ಇನ್ನೂ ನಾಲ್ಕು ಕೆ.ಜಿ. ಇಳಿಸಬೇಕು."

"ನೀವು ಅವಳಿಗೆ ಏನೂ ಹೇಳಬೇಡಿ ಅತ್ತೆ. ಫೋಟೋದಲ್ಲಿ ದಪ್ಪ ಕಂಡರೆ ಆಮೇಲೆ ನನ್ನನ್ನೇ ಬೈಯುತ್ತಾಳೆ."

ಕನ್ನಡಿ ಒಂದೇ, ಅದರಲ್ಲಿ ಕಂಡ ಮೈಯೂ ಒಂದೇ. ಅಜ್ಜಿಗೆ ಅಲ್ಲಿ ಕೊರತೆ ಕಂಡಿತು, ಮೊಮ್ಮಗಳಿಗೆ ಹೆಚ್ಚಳ ಕಂಡಿತು. ನಡುವಿನವಳಿಗೆ ಕಂಡದ್ದು ಫೋಟೋ. ಇಬ್ಬರ ಕಣ್ಣಿಗೂ ದೋಷವಿಲ್ಲ. ಕಣ್ಣಿನ ಹಿಂದೆ ನಿಂತ ಅಳತೆಗೋಲುಗಳು ಬೇರೆಬೇರೆ. ಅವು ಎಲ್ಲಿಂದ ಬಂದವು, ಯಾವಾಗ ಬದಲಾದವು ಎಂಬುದನ್ನು ವಿಚಾರಿಸಿದರೆ ಈ ಊರಿನ ಸುತ್ತಮುತ್ತಲೇ ಎಷ್ಟೋ ಸಾಮಗ್ರಿ ದೊರೆಯುತ್ತದೆ.

ಮೊದಲು ಅಜ್ಜಿಯ ಮಾತನ್ನೇ ತೆಗೆದುಕೊಳ್ಳಬಹುದು. ಹಳೆಯ ಕನ್ನಡದ ಬಾಯಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಮೆಚ್ಚುವ ಪದಗಳೆಲ್ಲ ತುಂಬುವಿಕೆಯ ಪದಗಳೇ. ಮೈಕೈ ತುಂಬಿಕೊಂಡಿದ್ದಾಳೆ, ದುಂಡುಮುಖ, ತುಂಬುಗೆನ್ನೆ, ಲಕ್ಷಣವಾಗಿ ಗುಂಡಗಿದ್ದಾಳೆ ಎಂದರೆ ಅದು ಪ್ರಶಂಸೆ. ಇದಕ್ಕೆ ಪ್ರತಿಯಾಗಿ ಸಣಕಲಾದವಳನ್ನು ಬಡಕಲು ಎನ್ನುತ್ತಾರೆ. ಜ್ವರ ಬಂದು ಇಳಿದುಹೋದವಳನ್ನು "ಬಡವಾಗಿದ್ದಾಳೆ" ಎನ್ನುವುದು ಇಂದಿಗೂ ಹಳ್ಳಿಗಳಲ್ಲಿ ಕೇಳಿಬರುವ ಮಾತು. ಬಡವಾಗುವುದು, ಬಡಕಲು, ಬಡತನ ಇವುಗಳ ಬೇರು ಒಂದೇ. ತೆಳ್ಳಗಿರುವುದಕ್ಕೂ ದರಿದ್ರಕ್ಕೂ ಒಂದೇ ಮಾತನ್ನು ಬಳಸಿದ ಜನ ತೆಳ್ಳಗಿನ ಮೈಯನ್ನು ಬಯಸುವುದಾದರೂ ಹೇಗೆ?

ಅದು ಬರಿಯ ಮಾತಿನ ಚಮತ್ಕಾರವಲ್ಲ, ಅನುಭವದಿಂದ ಬಂದದ್ದು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಧಾತು-ಈಶ್ವರ ಸಂವತ್ಸರಗಳ ಕ್ಷಾಮ ಹಿಂಡಿತು. ಐವತ್ತು ಲಕ್ಷದಷ್ಟಿದ್ದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ನಾಶವಾಯಿತೆಂದು ಅಂದಾಜು. ಅಂಥ ಎರಡು ವರ್ಷಗಳನ್ನು ಕಂಡ ಮನೆತನಗಳು ಸೊಸೆಯನ್ನು ಆರಿಸುವಾಗ ಮೊದಲು ತೋಳನ್ನೂ ಕೆನ್ನೆಯನ್ನೂ ನೋಡಿದರೆ ಆಶ್ಚರ್ಯವಿಲ್ಲ. ಮಲೆನಾಡಿಗೆ ಇನ್ನೊಂದು ಶತ್ರುವೂ ಇತ್ತು. ಚಳಿಜ್ವರ ಮನೆಮನೆಯನ್ನೂ ಹೊಕ್ಕು, ಗುಲ್ಮ ಊದಿ, ಕೈಕಾಲು ಸಣ್ಣಗಾದ ಜನರೇ ಎಲ್ಲೆಲ್ಲೂ ಕಾಣುತ್ತಿದ್ದ ಕಾಲ ಅದು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಜನಸಂಖ್ಯೆ ಇಳಿಮುಖವಾದುದನ್ನು ಕಂಡು ಮೈಸೂರು ಸರ್ಕಾರ ಮಲೆನಾಡಿನ ಅಭಿವೃದ್ಧಿಗೆಂದೇ ಪ್ರತ್ಯೇಕ ಯೋಜನೆಯನ್ನು ಹಾಕಿಕೊಳ್ಳಬೇಕಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಸಿಂಪಡಿಸುವವರು ಮನೆಗಳಿಗೆ ಬಂದ ಮೇಲೆ ಆ ಭಯ ಕಡಮೆಯಾಯಿತು. ಅದಕ್ಕೆ ಮುಂಚೆ ತುಂಬಿದ ಮೈ ಎಂದರೆ ಜ್ವರ ತಟ್ಟದ ಮೈ, ಕ್ಷಯವಿಲ್ಲದ ಮೈ, ಹೆತ್ತು ಉಳಿಯಬಲ್ಲ ಮೈ. ಅಜ್ಜಿ ತನ್ನ ಅಜ್ಜಿಯಿಂದ ಕಲಿತ ಸೌಂದರ್ಯಶಾಸ್ತ್ರದ ಅರ್ಧಭಾಗ ಆರೋಗ್ಯಶಾಸ್ತ್ರವೇ ಆಗಿತ್ತು.

ಉಳಿದ ಅರ್ಧಭಾಗವನ್ನು ಕಲ್ಲಿನಲ್ಲಿ ಕಾಣಬಹುದು. ಬೇಲೂರಿನ ಮದನಿಕೆಯರನ್ನು ನೋಡದ ಕನ್ನಡಿಗರು ವಿರಳ; ನೋಡಿದವರಲ್ಲಿ ಆ ಮದನಿಕೆಯರಿಗೆ ಶಿವಮೊಗ್ಗೆ ಜಿಲ್ಲೆಯ ತವರೊಂದು ಇದೆಯೆಂದು ಬಲ್ಲವರೂ ಅಷ್ಟೇ ವಿರಳ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಸೂರಿನಡಿಯಲ್ಲಿ ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು, ಒಟ್ಟು ನಲವತ್ತೆರಡು ಮದನಿಕೆಯರುಂಟು. ಅವುಗಳಲ್ಲಿ ಹಲವನ್ನು ಕಡೆದವರು ದಾಸೋಜ ಮತ್ತು ಅವನ ಮಗ ಚಾವಣ. ಅವರು ಬಳ್ಳಿಗಾವೆಯವರು, ಬಳ್ಳಿಗಾವೆ ಇರುವುದು ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿ. ಹೆಸರು ಹೇಳದೆ ಮರೆಯಾಗುವುದೇ ವಾಡಿಕೆಯಾಗಿದ್ದ ದೇಶದಲ್ಲಿ ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದರಿಂದ ಈ ಸಂಗತಿ ನಮಗೆ ದಕ್ಕಿತು.

ಈ ತಂದೆಮಕ್ಕಳ ಉಳಿಯಿಂದ ಹೊರಟ ಹೆಣ್ಣು ಎಂಥವಳು? ಹೆಚ್ಚು ಎತ್ತರವಿಲ್ಲ. ಮುಖ ದುಂಡು, ತೋಳು ತುಂಬು, ಎದೆ ಮತ್ತು ನಿತಂಬ ಘನವಾದುವು. ಮೈತುಂಬ ಒಡವೆ. ದರ್ಪಣಸುಂದರಿ ಕನ್ನಡಿಯನ್ನು ಹಿಡಿದು ತನ್ನನ್ನೇ ನೋಡಿಕೊಳ್ಳುತ್ತಾಳೆ. ಅವಳ ಮುಖದಲ್ಲಿ ಅತೃಪ್ತಿಯ ಗೆರೆ ಇಲ್ಲ. ಗಾಂಧಿ ಬಜಾರಿನ ನಿಲುವುಗನ್ನಡಿಯ ಮುಂದೆ ಅವಳನ್ನು ನಿಲ್ಲಿಸಿದರೆ ಅಂಗಡಿಯ ಹುಡುಗ ಅತ್ಯಂತ ವಿನಯದಿಂದ "ಎಕ್ಸೆಲ್ ತೋರಿಸಲೇ ಮೇಡಂ?" ಎಂದು ಕೇಳಿಯಾನು.

ಶಿಲ್ಪಿಗೂ ಅಳತೆಯಿತ್ತು ಎಂಬುದನ್ನು ಮರೆಯಲಾಗದು. ತಾಲಮಾನವೆಂಬ ಶಾಸ್ತ್ರದಲ್ಲಿ ಮುಖದ ಉದ್ದವೇ ಅಳತೆಯ ಮೂಲಮಾನ. ಮುಖದ ಎಷ್ಟು ಪಟ್ಟು ದೇಹ, ದೇಹದ ಯಾವ ಭಾಗ ಎಷ್ಟು ಪಾಲು ಎಂದು ಅಲ್ಲಿ ಲೆಕ್ಕ. ಅಂದರೆ ಒಂದು ಮೈಯನ್ನು ಅದೇ ಮೈಯ ಮುಖದಿಂದ ಅಳೆಯುತ್ತಿದ್ದರು. ಹೊರಗಿನ ತಕ್ಕಡಿಗೆ ಅಲ್ಲಿ ಕೆಲಸವಿರಲಿಲ್ಲ. ಕಲ್ಲಿನಲ್ಲಿಯೂ ಒಂದೇ ರುಚಿ ಸದಾಕಾಲ ನಿಂತಿಲ್ಲ. ಬಾದಾಮಿಯ ಚಾಲುಕ್ಯರ ಗುಹೆಗಳಲ್ಲಿ ಕಾಣುವ ನೀಳವಾದ, ಒಡವೆ ಹಗುರವಾದ ಸ್ತ್ರೀರೂಪಗಳಿಗೂ ಹೊಯ್ಸಳರ ಈ ದುಂಡುಮೈಯವರಿಗೂ ಐದು ನೂರು ವರ್ಷಗಳ ಅಂತರವಿದೆ. ಅಂತರ ಮೈಕಟ್ಟಿನಲ್ಲಿಯೂ ಎದ್ದು ಕಾಣುತ್ತದೆ. ಹೊಯ್ಸಳರ ಕೈವಾಡವನ್ನು ಸಮೀಪದಲ್ಲಿಯೇ ನೋಡಬೇಕೆನ್ನುವ ಶಿವಮೊಗ್ಗೆಯವರು ಬೇಲೂರಿನವರೆಗೆ ಹೋಗಬೇಕಾದ್ದಿಲ್ಲ. ಭದ್ರಾವತಿಯ ಹಳೆಯ ಊರಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹನ ತ್ರಿಕೂಟ ದೇವಾಲಯವುಂಟು. ಕಬ್ಬಿಣದ ಕಾರ್ಖಾನೆಯ ಹೊಗೆಯನ್ನು ಕಂಡವರೆಲ್ಲ ಅದನ್ನು ಕಂಡಿಲ್ಲ.

ಇಷ್ಟು ಹೇಳಿದೊಡನೆ ಹಳೆಯ ಕಾಲವೇ ಹೆಣ್ಣಿಗೆ ಸುಖದ ಕಾಲವಾಗಿತ್ತೆಂದು ಯಾರಾದರೂ ತೀರ್ಮಾನಿಸಿದರೆ ಅದು ಆತುರ. ನಮ್ಮ ಕವಿಗಳ ವರ್ಣನೆಗಳನ್ನು ಸ್ವಲ್ಪ ತಡೆದು ಓದಬೇಕು. ಗಜಗಮನೆ, ಘನಸ್ತನಿ, ಬಾಳೆಯ ಕಂಬದಂಥ ತೊಡೆಯವಳು, ಸರಿ. ಆದರೆ ಆ ಘನವಾದ ಎದೆಗೂ ನಿತಂಬಕ್ಕೂ ನಡುವೆ ಏನಿದೆ? ಬಡನಡು! ಹೆಣ್ಣು ಬಡವಾಗಬಾರದು, ಆದರೆ ಅವಳ ನಡು ಮಾತ್ರ ಬಡವಾಗಿಯೇ ಇರಬೇಕು. ಸಿಂಹದ ನಡುವೆಂದೂ, ಮುಷ್ಟಿಯಲ್ಲಿ ಹಿಡಿಯುವಷ್ಟೆಂದೂ, ಕಡೆಗೆ ನಡು ಇದೆಯೋ ಇಲ್ಲವೋ ಎಂಬ ಸಂದೇಹವೆಂದೂ ಕವಿಗಳು ಒಬ್ಬರ ಮೇಲೊಬ್ಬರು ಪಂಥ ಹೂಡಿ ಅದನ್ನು ತೆಳುವಾಗಿಸುತ್ತ ಹೋದರು. ಇಂಥ ಮೈಯನ್ನು ಹೊತ್ತು ಯಾವ ಹೆಣ್ಣೂ ಬಾವಿಯಿಂದ ಒಂದು ಕೊಡ ನೀರು ಸೇದಲಾರಳು. ಶಿಲ್ಪಿ ಇದನ್ನು ಅರಿತಿದ್ದನೆಂದು ತೋರುತ್ತದೆ. ಕಲ್ಲು ಮುರಿದುಬೀಳುತ್ತದಲ್ಲ, ಅವನು ನಡುವಿಗೆ ಒಂದಿಷ್ಟು ದಪ್ಪವನ್ನು ಉಳಿಸಿದ.

ಆದರೂ ಕಾವ್ಯದಲ್ಲಿ ಒಂದು ಮಾತುಂಟು, ಅದನ್ನು ಈಗಿನ ಹುಡುಗಿಯರಿಗೆ ಹೇಳಿದರೆ ನಂಬುವುದು ಕಷ್ಟ. ತ್ರಿವಳಿ. ಹೊಟ್ಟೆಯ ಮೇಲೆ ಬೀಳುವ ಮೂರು ಮಡಿಕೆಗಳು. ಸಂಸ್ಕೃತ ಕವಿಗಳೂ ಕನ್ನಡ ಕವಿಗಳೂ ಅದನ್ನು ಸೌಂದರ್ಯದ ಲಕ್ಷಣವೆಂದು ಬಾಯ್ತುಂಬ ಹೊಗಳಿದ್ದಾರೆ. ಅದಕ್ಕೆ ಅಲೆಯ ಉಪಮೆ, ಮೆಟ್ಟಿಲ ಉಪಮೆ. ಇಂದು ಆ ಮೂರು ಮಡಿಕೆ ಫೋಟೋದಲ್ಲಿ ಕಂಡರೆ ಹುಡುಗಿ ಊಟ ಬಿಡುತ್ತಾಳೆ. ಛಾಯಾಗ್ರಾಹಕನು ಕಂಪ್ಯೂಟರಿನಲ್ಲಿ ಅದನ್ನು ಅಳಿಸಿ ಕೊಡುತ್ತಾನೆ.

ಬಳ್ಳಿಗಾವೆಯ ಸುತ್ತಿನಲ್ಲಿ ಮತ್ತೊಂದು ಸೋಜಿಗವುಂಟು. ದಾಸೋಜನು ಹೆಣ್ಣಿನ ಮೈಯನ್ನು ಕಲ್ಲಿನಲ್ಲಿ ಆರಾಧಿಸಿದ ಶತಮಾನದಲ್ಲಿಯೇ, ಅದೇ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಆ ಅಳತೆಗೋಲನ್ನೇ ಎತ್ತಿ ಎಸೆದಳು. ಅವಳ ರೂಪಕ್ಕೆ ಮರುಳಾದವನು ದೊರೆ ಕೌಶಿಕ. ಅವಳು ಅರಮನೆಯನ್ನೂ ಉಡುಗೆಯನ್ನೂ ಬಿಟ್ಟು, ಕೂದಲನ್ನೇ ಹೊದಿಕೆ ಮಾಡಿಕೊಂಡು ಕಲ್ಯಾಣದ ಹಾದಿ ಹಿಡಿದಳೆಂಬುದು ಎಲ್ಲರೂ ಬಲ್ಲ ಕಥೆ. ಅಲ್ಲಿ ಅವಳನ್ನು ಎದುರಿಸಿ, ದೇಹದ ಹಂಗು ಹರಿದಿದ್ದರೆ ಕೂದಲ ಮರೆ ಏತಕ್ಕೆಂದು ಕೇಳಿದವನು ಅಲ್ಲಮಪ್ರಭು, ಅವನೂ ಬಳ್ಳಿಗಾವೆಯವನೇ. ಕೆಲವೇ ಮೈಲಿಗಳ ಫಾಸಲೆಯಲ್ಲಿ ಒಬ್ಬನು ಹೆಣ್ಣಿನ ರೂಪವನ್ನು ಕಡೆದ, ಒಬ್ಬಳು ಆ ರೂಪದ ಬೆಲೆಯನ್ನು ನಿರಾಕರಿಸಿದಳು, ಮತ್ತೊಬ್ಬನು ಆ ನಿರಾಕರಣೆಯನ್ನೂ ಪರೀಕ್ಷಿಸಿದ. ಕನ್ನಡದ ಹೆಣ್ಣುಮಕ್ಕಳ ಮೈಯ ಬಗೆಗೆ ಇದಕ್ಕಿಂತ ಆಳವಾದ ಚರ್ಚೆ ಆಮೇಲೆ ನಡೆದಿದೆಯೆ ಎಂಬುದು ಸಂಶಯ.

ಕಾಲವನ್ನು ಒಮ್ಮೆಲೇ ಏಳು ನೂರು ವರ್ಷ ದಾಟಿದರೆ ರಾಜಾ ರವಿವರ್ಮ ಎದುರಾಗುತ್ತಾನೆ. 1894ರಲ್ಲಿ ಅವನು ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಅರಮನೆಯ ಗೋಡೆಯ ಮೇಲಿದ್ದ ಲಕ್ಷ್ಮಿ, ಸರಸ್ವತಿಯರು ಅಡಿಗೆಮನೆಯ ಗೋಡೆಗೂ ಇಳಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವನ ಮೂಲಚಿತ್ರಗಳನ್ನು ನೋಡಿದವರಿಗೆ ಆ ತುಂಬುಗೆನ್ನೆ, ಆ ದುಂಡುತೋಳು ನೆನಪಿರಬಹುದು. ದೇವಿಗೆ ಅಂಥ ಮೈ ಇರಬೇಕಾದರೆ ಮನೆಯ ಸೊಸೆಗೂ ಇದ್ದರೆ ಮನೆ ಬೆಳಗುತ್ತದೆಂದು ಜನ ಭಾವಿಸಿದರು. ನಾಟಕ ಕಂಪನಿಗಳೂ ಅದನ್ನೇ ಅನುಸರಿಸಿದವು. ಕಂಠ ಹಿಂದಿನ ಸಾಲಿನವರೆಗೆ ತಲುಪಬೇಕಾಗಿದ್ದ ಕಾಲದಲ್ಲಿ ಕಡ್ಡಿಮೈಯ ನಾಯಕಿಯನ್ನು ಯಾರೂ ಕೇಳುತ್ತಿರಲಿಲ್ಲ. 1934ರ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಗೆ ಬಂದಾಗ ರಂಗಭೂಮಿಯ ಈ ರುಚಿ ಅದರ ಜೊತೆಗೇ ಬಂದಿತು. 1954ರ 'ಬೇಡರ ಕಣ್ಣಪ್ಪ'ದ ಪಂಡರೀಬಾಯಿ, 1961ರ 'ಕಿತ್ತೂರು ಚೆನ್ನಮ್ಮ'ದ ಬಿ. ಸರೋಜಾದೇವಿ, ಇವರಾರೂ ತೂಕಕ್ಕೆ ಹೆದರಿ ಬದುಕಿದ ನಾಯಿಕೆಯರಂತೆ ತೆರೆಯ ಮೇಲೆ ಕಾಣಲಿಲ್ಲ. 1965ರ 'ಮಿಸ್ ಲೀಲಾವತಿ'ಯಲ್ಲಿ ಜಯಂತಿ ಈಜುಡುಗೆ ತೊಟ್ಟಾಗ ಮಡಿವಂತರು ಹುಬ್ಬೇರಿಸಿದ್ದು ಉಡುಗೆಯ ಬಗೆಗೆ. ಮೈಕಟ್ಟಿನ ಬಗೆಗೆ ಅಲ್ಲ.

ಆ ಕಾಲದ ವಾರಪತ್ರಿಕೆಗಳ ಜಾಹೀರಾತುಗಳನ್ನು ಈಗ ಬಿಡಿಸಿ ನೋಡುವುದು ಒಂದು ವಿನೋದ. ಧಾರಾವಾಹಿ ಕಾದಂಬರಿಯ ಪಕ್ಕದಲ್ಲಿಯೇ ಬಲವರ್ಧಕ ಟಾನಿಕ್ಕು, ಲೇಹ್ಯ, ಮಾಲ್ಟು. ಸೊರಗಿದ ಗೃಹಿಣಿ ಮೊದಲ ಚಿತ್ರದಲ್ಲಿ, ತುಂಬಿಕೊಂಡ ಗೃಹಿಣಿ ಎರಡನೆಯ ಚಿತ್ರದಲ್ಲಿ. ಇಂದಿನ ಪತ್ರಿಕೆಯಲ್ಲಿ ಅವೇ ಎರಡು ಚಿತ್ರಗಳಿವೆ, ಕ್ರಮ ಮಾತ್ರ ತಿರುಗುಮುರುಗು. ರೈಲ್ವೆ ನಿಲ್ದಾಣದ ತೂಕದ ಯಂತ್ರವೂ ಇದಕ್ಕೆ ಸಾಕ್ಷಿ. ನಾಣ್ಯ ಹಾಕಿದರೆ ಬಣ್ಣದ ದೀಪ ಮಿನುಗಿ, ಚಕ್ರ ತಿರುಗಿ, ಒಂದು ಚೀಟಿ ಬೀಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ಬೇಸಗೆ ರಜೆಗೆ ತವರಿಗೆ ಬಂದ ಮಗಳ ತೂಕ ಹಿಂದಿರುಗುವಾಗ ನಾಲ್ಕು ಕೆ.ಜಿ. ಏರಿದ್ದರೆ ತಾಯಿಗೆ ಹೆಮ್ಮೆ. ತವರಿನ ತುಪ್ಪ ಮೈಗೆ ಹತ್ತಿತೆಂದು ಆ ಚೀಟಿಯನ್ನು ಅಳಿಯನಿಗೂ ತೋರಿಸುತ್ತಿದ್ದರು.

ಹಾಗಾದರೆ ಬದಲಾದದ್ದು ಯಾವಾಗ? ಒಂದೇ ದಿನಾಂಕವನ್ನು ಹೇಳುವಂತಿಲ್ಲ. ಪಡುವಣ ದೇಶಗಳಲ್ಲಿ ಈ ಚಕ್ರ ಬಹಳ ಹಿಂದೆಯೇ ಒಂದೆರಡು ಸುತ್ತು ತಿರುಗಿತ್ತು. ಹದಿನೇಳನೆಯ ಶತಮಾನದ ರೂಬೆನ್ಸ್ ಚಿತ್ರಿಸಿದ ಹೆಂಗಸರು ಬೇಲೂರಿನವರಿಗೆ ಅಕ್ಕಂದಿರಂತಿದ್ದರೆ, 1966ರಲ್ಲಿ ಲಂಡನ್ನಿನಲ್ಲಿ ಹೆಸರಾದ ಟ್ವಿಗ್ಗಿ ಎಂಬ ಹುಡುಗಿಯ ಹೆಸರಿನ ಅರ್ಥವೇ ಕಡ್ಡಿ. ನಮ್ಮಲ್ಲಿ ಆ ಗಾಳಿ ಬಲವಾಗಿ ಬೀಸಿದ್ದು 1994ರಿಂದ. ಆ ವರ್ಷ ಸುಷ್ಮಿತಾ ಸೇನ್ ವಿಶ್ವಸುಂದರಿಯಾದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಜಗತ್ಸುಂದರಿಯಾದರು. 1996ರ ನವೆಂಬರ್ 23ರಂದು ಆ ಸ್ಪರ್ಧೆಯೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಿತು. ನಡೆದ ಗಲಭೆ ಹಲವರಿಗೆ ನೆನಪಿದೆ. ಮಹಿಳಾ ಸಂಘಟನೆಗಳು ಬೀದಿಗೆ ಇಳಿದವು, ರೈತಸಂಘದ ಎಂ.ಡಿ. ನಂಜುಂಡಸ್ವಾಮಿ ವಿರೋಧಿಸಿದರು, ಮಧುರೆಯಲ್ಲಿ ಒಬ್ಬನು ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಕಿರೀಟ ಗ್ರೀಸ್ ದೇಶದ ಹುಡುಗಿಗೆ ಹೋಯಿತು.

ಆ ವಿವಾದದಲ್ಲಿ ಒಂದು ಸಂಗತಿ ಕೈತಪ್ಪಿತು. ಹೆಣ್ಣಿನ ಮೈಯನ್ನು ತೋರುವುದು ನಮ್ಮ ಸಂಸ್ಕೃತಿಯಲ್ಲ ಎಂದು ಕೆಲವರು ಗುಡುಗಿದರು. ಬೇಲೂರಿನ ನಲವತ್ತೆರಡು ಮಂದಿ ಈ ಮಾತನ್ನು ಕೇಳಿ ನಕ್ಕಿರಬೇಕು. ಹೆಣ್ಣನ್ನು ಸರಕು ಮಾಡಬಾರದೆಂದು ಇನ್ನು ಕೆಲವರು ಹೇಳಿದರು. ಅದು ಸರಿಯಾದ ಮಾತು, ಹೆಚ್ಚು ಜನ ಕಿವಿಗೊಡಲಿಲ್ಲ. ಆದರೆ ವೇದಿಕೆಯ ಮೇಲೆ ನಡೆದಾಡಿದ ಅಷ್ಟೂ ಹುಡುಗಿಯರ ಮೈಯಳತೆ ಹೆಚ್ಚುಕಡಮೆ ಒಂದೇ ಆಗಿತ್ತು ಎಂಬುದು ಎರಡು ಪಕ್ಷದವರ ಗಮನಕ್ಕೂ ಅಷ್ಟಾಗಿ ಬೀಳಲಿಲ್ಲ. ಗಲಭೆ ಮುಗಿಯಿತು, ಅಳತೆ ಉಳಿಯಿತು. ಟೆಲಿವಿಷನ್ ಅದನ್ನು ಶಿವಮೊಗ್ಗೆಯ ನಡುಮನೆಗೂ ತಂದಿತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದದ್ದು ಬಜಾರಿನಲ್ಲಿಯೇ. ಸೀರೆಗೆ ಅಳತೆಯಿಲ್ಲ, ಅದು ಯಾವ ಮೈಯನ್ನೂ ತಪ್ಪು ಎನ್ನುವುದಿಲ್ಲ. ರವಿಕೆಗೆ ಅಳತೆಯುಂಟು, ಆದರೆ ದರ್ಜಿಯು ಟೇಪು ಹಿಡಿದು ಮೈಗೆ ತಕ್ಕಂತೆ ಬಟ್ಟೆಯನ್ನು ಕತ್ತರಿಸುತ್ತಾನೆ. ಸಿದ್ಧ ಉಡುಪು ಬಂದ ಮೇಲೆ ಬಟ್ಟೆ ಮೊದಲೇ ಕತ್ತರಿಸಿ ಬಂದಿರುತ್ತದೆ, ಮೈ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ತಪ್ಪು ಬಟ್ಟೆಯದಲ್ಲ, ತೊಡುವವಳದು ಎಂಬ ಭಾವನೆ ಬಟ್ಟೆ ಬದಲಿಸುವ ಆ ಸಣ್ಣ ಕೋಣೆಯಲ್ಲಿ ಹುಟ್ಟುತ್ತದೆ. ಇದರಲ್ಲಿ ಒಂದು ವಿಡಂಬನೆಯಿದೆ. ಈ ಎಸ್, ಎಂ, ಎಲ್ ಎಂಬ ಅಳತೆಗಳು ಬಹುಕಾಲ ಹೊರದೇಶದ ಮೈಗಳ ಲೆಕ್ಕದಿಂದ ಬಂದವು. ಭಾರತೀಯರ ಮೈಯನ್ನೇ ಅಳೆದು ಪಟ್ಟಿ ಮಾಡುವ 'ಇಂಡಿಯಾಸೈಜ್' ಎಂಬ ಸಮೀಕ್ಷೆಯನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೆತ್ತಿಕೊಂಡದ್ದು ತೀರ ಈಚೆಗೆ. ಅಲ್ಲಿಯವರೆಗೆ ಎಷ್ಟು ಹುಡುಗಿಯರು ಬೇರೆಯವರ ಅಂಗಿಗೆ ಹೊಂದಲಿಲ್ಲವೆಂದು ತಮ್ಮನ್ನು ತಾವೇ ಹಳಿದುಕೊಂಡರೋ!

ಇದು ಕೇವಲ ರುಚಿಯ ಮಾತಾಗಿದ್ದರೆ ನಕ್ಕು ಬಿಡಬಹುದಾಗಿತ್ತು. 2011ರ ನವೆಂಬರಿನಲ್ಲಿ ಮಗುವನ್ನು ಹೆತ್ತ ಐಶ್ವರ್ಯಾ ರೈ ಮರುವರ್ಷದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋದಾಗ, ಮೈ ಇಳಿದಿಲ್ಲವೆಂದು ದೇಶದ ಉದ್ದಗಲಕ್ಕೂ ಅಪರಿಚಿತರು ಕುಹಕವಾಡಿದರು. ಹೆತ್ತು ಆರು ತಿಂಗಳು. ಮಲೆನಾಡಿನ ಮನೆಯಾಗಿದ್ದರೆ ಬಾಣಂತಿಗೆ ಲೇಹ್ಯ, ಬೆಳ್ಳುಳ್ಳಿ, ತುಪ್ಪದನ್ನ ಕೊಟ್ಟು, ಎಣ್ಣೆನೀರು ಹಾಕಿ, ಮೈ ತುಂಬಿಕೊಂಡಿತೇ ಎಂದು ನೋಡುವ ಸಮಯ ಅದು. ಅದೇ ಮೈ ಅಪರಾಧವಾಯಿತು.

2022ರ ಮೇ ತಿಂಗಳಲ್ಲಿ ಇದಕ್ಕಿಂತ ಘೋರವಾದುದು ನಡೆಯಿತು. ಕನ್ನಡ ಕಿರುತೆರೆಯ ನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದರು. ಹಿಂದಿರುಗಲಿಲ್ಲ. ವಯಸ್ಸು 21. ಮನೆಯವರಿಗೆ ತಿಳಿಸದೆ ಹೋಗಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಆ ವಾರ ಪ್ರಕಟವಾದ ಭಾವಚಿತ್ರಗಳನ್ನು ಕಂಡ ಅನೇಕ ತಾಯಂದಿರು ಕೇಳಿದ ಪ್ರಶ್ನೆ ಒಂದೇ: ತೆಗೆಸಲು ಆ ಮೈಯಲ್ಲಿ ಕೊಬ್ಬು ಇದ್ದುದಾದರೂ ಎಲ್ಲಿ?

ಹಾಗೆಂದು ವೈದ್ಯರ ಮಾತನ್ನು ತಳ್ಳಿಹಾಕುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ತೂಕ ಹೆಚ್ಚು. ಸುಮಾರು ಹದಿನೇಳು ಮಂದಿಯ ತೂಕ ತೀರ ಕಡಮೆ. ಅರ್ಧಕ್ಕೆ ಸಮೀಪ ಮಂದಿಗೆ ರಕ್ತಹೀನತೆ. ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಲೆ ತಿರುಗುತ್ತದೆ. ಮೈ ತುಂಬಿದವರಲ್ಲಿಯೂ ರಕ್ತ ತುಂಬಿಲ್ಲ! ದಕ್ಷಿಣ ಏಷ್ಯದವರಿಗೆ ಕಡಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಅಂಟುವುದರಿಂದ, ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಿರಬೇಕೆಂದು ವೈದ್ಯರು ಹೇಳುತ್ತಾರೆ. ಕವಿಗಳ ಬಡನಡುವಿಗೆ ಹೀಗೆ ಅನಿರೀಕ್ಷಿತ ಮೂಲೆಯಿಂದ ಬೆಂಬಲ ದೊರೆಯಿತು.

ಆದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ, ಈಗ ಎಲ್ಲರ ಬಾಯಲ್ಲಿರುವ ಆ ಸೂಚ್ಯಂಕದ ಕಥೆಯನ್ನೂ ಅರಿತಿರುವುದು ಒಳ್ಳೆಯದು. ಅದನ್ನು 1832ರ ಹೊತ್ತಿಗೆ ಕಂಡುಹಿಡಿದ ಬೆಲ್ಜಿಯಂ ದೇಶದ ಕ್ವೆಟೆಲೆ ವೈದ್ಯನಲ್ಲ, ಖಗೋಳಜ್ಞ, ಗಣಿತಜ್ಞ. ಅವನಿಗೆ ಬೇಕಾಗಿದ್ದುದು ಜನಸಮುದಾಯದ ಸರಾಸರಿ, ಒಬ್ಬೊಬ್ಬರ ರೋಗನಿದಾನವಲ್ಲ. ನಕ್ಷತ್ರಗಳನ್ನು ಲೆಕ್ಕ ಹಾಕಿದವನ ಸೂತ್ರದಿಂದ ಇಂದು ವಧುವಿನ ಊಟ ನಿರ್ಧಾರವಾಗುತ್ತಿದೆ.

ಈಗ ಗಾಳಿ ಮತ್ತೊಮ್ಮೆ ದಿಕ್ಕು ಬದಲಿಸಿದೆಯೆಂದು ಕೆಲವರು ಹೇಳುತ್ತಾರೆ. ಬಳುಕುಮೈಯೇ ಚೆಲುವು, ತುಂಬಿದ ಮೈಗೂ ಮಾನವುಂಟು ಎಂಬ ಮಾತು ಅಮೆರಿಕದಿಂದ ಬಂದಿದೆ. 1959ರಿಂದ ಒಂದೇ ಸಣಕಲು ಮೈಯಲ್ಲಿದ್ದ ಬಾರ್ಬಿ ಗೊಂಬೆಗೂ 2016ರಲ್ಲಿ ದುಂಡುಮೈಯ ತಂಗಿಯೊಬ್ಬಳು ಬಂದಳು. ಶಿವಮೊಗ್ಗೆಯ ಅಜ್ಜಿಗೆ ಇದನ್ನು ಹೇಳಿದರೆ "ನಾನು ಹೇಳಿದ್ದು ಬೇರೆಯೇನು?" ಎಂದಾಳು. ಆದರೆ ಹೊಸ ಮಾತಿನ ಒಳಗೂ ಹಳೆಯ ಹಟವುಂಟು. ಬೇಕಾದ ಕಡೆ ತುಂಬಿರಬೇಕು, ಬೇಡದ ಕಡೆ ತೆಳುವಾಗಿರಬೇಕು. ಅದು ಘನಸ್ತನ-ಬಡನಡುಗಳ ಹೊಸ ಮುದ್ರಣವಷ್ಟೆ. ಅದರ ಬೆನ್ನಿಗೇ 2025ರಲ್ಲಿ ವಾರಕ್ಕೊಂದು ಚುಚ್ಚಿಕೊಳ್ಳುವ, ಹಸಿವನ್ನೇ ಅಡಗಿಸುವ ಔಷಧಗಳು ಭಾರತದ ಅಂಗಡಿಗಳಿಗೆ ಬಂದವು. ಸಕ್ಕರೆ ಕಾಯಿಲೆಯವರಿಗೂ ಅತಿ ಸ್ಥೂಲಕಾಯದವರಿಗೂ ಅವು ವರವೇ ಇರಬಹುದು. ಧಾತು-ಈಶ್ವರ ಕ್ಷಾಮದಲ್ಲಿ ಹಸಿದು ಸತ್ತವರ ಮೊಮ್ಮಕ್ಕಳ ಮೊಮ್ಮಕ್ಕಳು ಹಸಿವಾಗದಿರಲೆಂದು ಹಣ ಕೊಡುವ ಕಾಲ ಬಂದಿತು ಎಂಬುದಂತೂ ನಿಜ.

ತುಂಬಿದ ಮೈಯೇ ಆದರ್ಶವಾದರೆ ಹೆಣ್ಣು ಬಿಡುಗಡೆ ಹೊಂದುತ್ತಾಳೆ ಎನ್ನುವವರು ಆಫ್ರಿಕದ ಮಾರಿಟೇನಿಯದ ಕಡೆಗೊಮ್ಮೆ ನೋಡಬೇಕು. ಅಲ್ಲಿ ಸ್ಥೂಲತೆಯೇ ಸೌಂದರ್ಯವೆಂದು ಎಳೆಯ ಹುಡುಗಿಯರಿಗೆ ಬಲವಂತವಾಗಿ ಹಾಲು, ಹಿಟ್ಟು ತಿನ್ನಿಸಿ ಕೊಬ್ಬಿಸುವ ಪದ್ಧತಿಯುಂಟು. ತಿನ್ನದಿದ್ದರೆ ಕಾಲ್ಬೆರಳನ್ನು ಕಡ್ಡಿಗಳ ನಡುವೆ ಇಟ್ಟು ಒತ್ತುವವರೂ ಇದ್ದರು. ಇತ್ತ ಉಪವಾಸ, ಅತ್ತ ಬಲವಂತದ ಊಟ. ಎರಡೂ ಕಡೆ ತಟ್ಟೆಯ ಮುಂದೆ ಕುಳಿತ ಹುಡುಗಿಯನ್ನು ಹಸಿವಾಗಿದೆಯೇ ಎಂದು ಕೇಳಿದವರಿಲ್ಲ.

ಗಾಂಧಿ ಬಜಾರಿನಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ನಡೆಯುತ್ತದೆ. ಮೊದಲ ದಿನ ದೇವಿ ಕೂರುವುದು ಈ ಬೀದಿಯಲ್ಲಿಯೇ. ಇದು ಅವಳ ತವರುಮನೆ. ಮರುದಿನ ಕೋಟೆಯ ಗುಡಿಗೆ ಹೊರಡುವ ಮುನ್ನ ಮುತ್ತೈದೆಯರು ಸಾಲುಗಟ್ಟಿ ನಿಂತು ಅಕ್ಕಿ, ಕಾಯಿ, ಬಳೆ, ಕಣಗಳಿಂದ ಅವಳ ಮಡಿಲು ತುಂಬುತ್ತಾರೆ. ಗಂಡನ ಮನೆಗೆ ಹೊರಟ ಮಗಳನ್ನು ಬರಿಮಡಿಲಲ್ಲಿ ಕಳಿಸಬಾರದಲ್ಲ. ಅಗಲವಾದ ಮುಖ, ತುಂಬು ಮೈಯ ಆ ತಾಯಿಯ ಮುಂದೆ ಬೆಳಗಿನಿಂದ ಉಪವಾಸವಿದ್ದು ಕೈಮುಗಿಯುವ ಸಾಲಿನಲ್ಲಿ ತೂಕ ಇಳಿಸಲು ಉಪವಾಸವಿರುವ ಹುಡುಗಿಯರೂ ಇರುತ್ತಾರೆ.

ಜವಳಿ ಅಂಗಡಿಯಲ್ಲಿ ಕಡೆಗೂ ಸೀರೆಯ ಆಯ್ಕೆ ಮುಗಿಯುತ್ತದೆ. ಮೂವರೂ ಪಕ್ಕದ ಓಣಿಯ ದರ್ಜಿಯ ಬಳಿಗೆ ಹೋಗುತ್ತಾರೆ. ಅವನು ಟೇಪು ಹಿಡಿದ ತನ್ನ ಮಗಳಿಂದ ಹುಡುಗಿಯ ಅಳತೆಗಳನ್ನು ಹೇಳಿಸಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಇಳಿಸಬೇಕಾದ ನಾಲ್ಕು ಕೆ.ಜಿ.ಯನ್ನು ಲೆಕ್ಕ ಹಿಡಿದು ಬಿಗಿಯಾಗಿಯೇ ಹೊಲಿಯಿರೆಂದು ಹುಡುಗಿ ಹೇಳುತ್ತಾಳೆ. ಅವನು ಆಗಲಮ್ಮ ಎನ್ನುತ್ತಾನೆ. ಅವಳು ಅತ್ತ ತಿರುಗಿದೊಡನೆ ಅಜ್ಜಿ ಮುಂದೆ ಬಾಗಿ, ಮೆಲ್ಲನೆ,

"ಮಗ್ಗುಲಲ್ಲಿ ಎರಡಿಂಚು ಬಟ್ಟೆ ಒಳಗೆ ಬಿಡಪ್ಪ" ಎನ್ನುತ್ತಾಳೆ.

"ಬಿಟ್ಟೇ ಇರುತ್ತೇನಲ್ಲ ತಾಯಿ" ಎಂದು ಅವನು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಾನೆ.